ಮೈಲೋಮಾ ಬಂದವರ ಮೂಳೆ ಸವೆಯುತ್ತದೆಯೋ, ಕರಗುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಬಗ್ಗೆ ರೋಗಿಗಳ ಮನೆಯವರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಒಂದೇ ಒಂದು ಕ್ರಿಯಾಪದ ಸಿಗದೆ ಕೆಲಸ ನಿಂತಿದೆ. ಈ ರೋಗದಲ್ಲಿ ಮೂಳೆಗೆ ಆಗುವುದನ್ನು ಕನ್ನಡದಲ್ಲಿ ಏನೆಂದು ಹೇಳೋಣ?

ಎಲ್ಲರ ಬಾಯಲ್ಲಿರುವುದು ‘ಸವೆತ’. ಮಂಡಿನೋವಿಗೂ ಸವೆತ, ವಯಸ್ಸಾಗಿ ಮೂಳೆ ತೆಳುವಾದರೂ ಸವೆತ, ಈಗ ಇದಕ್ಕೂ ಅದೇ. ನನ್ನ ತಕರಾರು ಬರೀ ಪದದ ಮೇಲಲ್ಲ. ಸವೆದಿದೆ ಅಂದ ಕೂಡಲೇ ಮನೆಯವರು ವಯಸ್ಸಾಯ್ತು, ಕ್ಯಾಲ್ಸಿಯಂ ಕಮ್ಮಿ ಅಂದುಕೊಂಡು ದಾರಿಯಲ್ಲೇ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತರುತ್ತಾರೆ. ಆದರೆ ಮೈಲೋಮಾದಲ್ಲಿ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಇಳಿದು ಅಲ್ಲೇ ಜಾಸ್ತಿಯಾಗಿರಬಹುದು. ಆಗ ವಿಪರೀತ ಬಾಯಾರಿಕೆ, ಮಲಬದ್ಧತೆ, ತಲೆ ಮಂಕು, ಕಿಡ್ನಿಗೂ ಪೆಟ್ಟು. ಡಾಕ್ಟರನ್ನು ಕೇಳದೆ ಮೇಲಿಂದ ಮಾತ್ರೆ ನುಂಗಿಸಿದರೆ ಕಷ್ಟ ಅಲ್ವಾ?

ಒಳಗೆ ನಡೆಯುವುದು ಹೀಗೆ. ಮೂಳೆಯಲ್ಲಿ ಹಳೆಯದನ್ನು ತೆಗೆಯುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಜೀವನವಿಡೀ ಕೆಲಸ ಮಾಡುತ್ತಿರುತ್ತವೆ. ತೆಗೆಯುವುದು ಆಸ್ಟಿಯೋಕ್ಲಾಸ್ಟ್, ಕಟ್ಟುವುದು ಆಸ್ಟಿಯೋಬ್ಲಾಸ್ಟ್. ಮೈಲೋಮಾ ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ, ಅಂದರೆ ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳ, ಕ್ಯಾನ್ಸರ್. ಇವು ಮೂಳೆಯನ್ನು ತಾವೇ ತಿನ್ನುವುದಿಲ್ಲ, ತಿನ್ನಿಸುತ್ತವೆ. ರ್‍ಯಾಂಕ್-ಎಲ್ ಎಂಬ ಸಂಕೇತ ಹೆಚ್ಚಾಗಿ ತೆಗೆಯುವ ಕೋಶಗಳಿಗೆ ಕುಮ್ಮಕ್ಕು ಸಿಗುತ್ತದೆ, ಡಿಕೆಕೆ-1 ಎಂಬ ಪ್ರೋಟೀನು ಕಟ್ಟುವ ಕೋಶಗಳ ಕೈ ಕಟ್ಟಿಹಾಕುತ್ತದೆ. ಊರಿನ ರಸ್ತೆ ಥರ, ಅಗೆಯುವವರು ದಿನಾ ಬರುತ್ತಾರೆ, ಮುಚ್ಚುವವರು ಪತ್ತೆಯಿಲ್ಲ. ತಲೆಬುರುಡೆಯ ಎಕ್ಸ್‌ರೇ ನೋಡಿದರೆ ಗೊತ್ತಾಗುತ್ತದೆ: ಪಂಚಿಂಗ್ ಮಷಿನ್ನಿನಲ್ಲಿ ಒತ್ತಿದ ಹಾಗೆ ದುಂಡನೆ ಕಪ್ಪು ತೂತುಗಳು, ಸುತ್ತ ಹೊಸ ಮೂಳೆಯ ಬಿಳಿ ಅಂಚೇ ಇಲ್ಲ. ಹೊಸ ಮೂಳೆ ಕಟ್ಟುವ ಜಾಗವನ್ನು ಹುಡುಕುವ ಬೋನ್ ಸ್ಕ್ಯಾನಿಗೆ ಇವು ಎಷ್ಟೋ ಸಲ ಕಾಣಿಸುವುದೇ ಇಲ್ಲ.

ಹಾಗಾದರೆ ಯಾವ ಪದ? ‘ಟೊಳ್ಳು’ ಅಂದರೆ ಇಡೀ ಮೂಳೆ ಖಾಲಿಯಾದಂತೆ ಕೇಳಿಸುತ್ತದೆ. ‘ಹುಳುಕು’ ಚೆನ್ನಾಗಿದೆ, ಹಲ್ಲಿನಿಂದ ಎಲ್ಲರಿಗೂ ಪರಿಚಯ, ಆದರೆ ಅದರ ಹಿಂದೆಯೇ ಹುಳು ಬರುತ್ತದೆ, ಆಮೇಲೆ ಹುಳದ ಔಷಧಿ ಹುಡುಕುತ್ತಾರೆ. ‘ಕರಗು’ ನಿಜಕ್ಕೆ ಹತ್ತಿರ, ಯಾಕೆಂದರೆ ಆಸ್ಟಿಯೋಕ್ಲಾಸ್ಟ್ ಆಮ್ಲ ಬಿಟ್ಟು ಮೂಳೆಯ ಖನಿಜವನ್ನು ಕರಗಿಸುವುದೇ ಹೌದು. ಬೊಜ್ಜು ಕರಗಿತು ಅನ್ನುವಾಗಿನ ಒಳ್ಳೆಯ ಅರ್ಥ ಅಡ್ಡ ಬರುತ್ತದೆಯೇ ಅನ್ನುವುದೊಂದೇ ಅನುಮಾನ. 1840ರ ದಶಕದ ಲಂಡನ್ ಡಾಕ್ಟರುಗಳಿಗೂ ಇದೇ ಪೇಚಾಟ, ಮೂಳೆ ಮೆತ್ತಗಾಗುವ ರೋಗ ಅಂತ ಲ್ಯಾಟಿನ್ನಿನಲ್ಲಿ ಬರೆದರು. ಮೈಲೋಮಾ ಎಂಬ ಹೆಸರು ಬಂದದ್ದು 1873ರಲ್ಲಿ.

ಸದ್ಯಕ್ಕೆ ‘ಮೂಳೆ ಅಲ್ಲಲ್ಲಿ ಕರಗಿ ತೂತು ಬೀಳುತ್ತದೆ’ ಅಂತ ಬರೆದಿಟ್ಟಿದ್ದೇನೆ. ಉದ್ದವಾಯ್ತು, ಗೊತ್ತು. ಆದರೆ ‘ಅಲ್ಲಲ್ಲಿ’ ಬಿಡಲು ಮನಸ್ಸಿಲ್ಲ, ಒಂದೇ ಕಡೆ ಆಗುವ ರೋಗವಲ್ಲ ಇದು. ‘ತೂತು’ ಕೂಡ ಬೇಕು. ಜೋಲೆಡ್ರೋನಿಕ್ ಆಸಿಡ್ ಎಂಬ ಔಷಧಿ ಕೊಟ್ಟರೆ ಕರಗುವುದು ತಗ್ಗುತ್ತದೆ, ಆದರೆ ಆಗಲೇ ಬಿದ್ದ ತೂತು ಕ್ಯಾನ್ಸರ್ ಹತೋಟಿಗೆ ಬಂದ ಮೇಲೂ ಎಷ್ಟೋ ಸಲ ಹಾಗೇ ಉಳಿಯುತ್ತದೆ. ಇನ್ನೂ ನೋವಿದೆ, ಔಷಧಿ ಕೆಲಸ ಮಾಡಿಲ್ಲ ಅಂತ ಜನ ಸುಮ್ನೆ ಗಾಬರಿಯಾಗುವುದು ಅಲ್ಲೇ.

ಇನ್ನೊಂದು ಚಿಕ್ಕ ಪ್ರಶ್ನೆ. ‘ಅಸ್ಥಿಮಜ್ಜೆ’ ಪಠ್ಯಪುಸ್ತಕದ್ದು. ಮಾಂಸದಂಗಡಿಯಲ್ಲಿ ‘ನಲ್ಲಿ ಮೂಳೆ’ ಅಂದರೆ ಗೊತ್ತಾಗುತ್ತದೆ, ಆದರೆ ಕರಪತ್ರದಲ್ಲಿ ಅದನ್ನು ಹಾಕೋದು ಹೇಗೆ? ಮೂಳೆಯೊಳಗಿನ ಆ ಮೆತ್ತನೆಯ ಭಾಗಕ್ಕೆ ಹಾವೇರಿ, ಬೀದರ್, ಮಂಗಳೂರು ಕಡೆ ಏನಂತಾರೆ, ಗೊತ್ತಿದ್ದವರು ತಿಳಿಸಿ.