ಸ್ಕ್ರೀನಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಆಸ್ಪತ್ರೆಯ ಫಲಕಗಳನ್ನೂ ಫಾರಂಗಳನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಕೈಯಲ್ಲಿದೆ. ಬಾಗಿಲ ಬಳಿ ಒಂದು ಮೇಜು ಹಾಕಿದ್ದಾರೆ. ಒಳಗೆ ಹೋಗುವ ರೋಗಿಗಳನ್ನೂ ಅವರ ಜೊತೆ ಬಂದವರನ್ನೂ ನಿಲ್ಲಿಸಿ, ಕೆಮ್ಮು, ಜ್ವರ, ಮೈಮೇಲೆ ಗುಳ್ಳೆ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಫ್ಲೂ, ಕೋವಿಡ್, ಕ್ಷಯ, ದಡಾರ ಇಂಥವು ವಾರ್ಡಿಗೆ ಹೋಗದಿರಲಿ ಅಂತ. ಆ ಮೇಜಿನ ಮೇಲೆ ತೂಗುಹಾಕುವ ಫಲಕಕ್ಕೆ ಮಾತು ಬೇಕು. ಬರೆಯುವವರಿಗೆ ನಾಳೆ ಸಂಜೆ ಕೊಡಬೇಕು.

ಈಗಿರುವ ಕರಡು: "ಸಾಂಕ್ರಾಮಿಕ ಶ್ವಾಸಕೋಶ ಸೋಂಕುಗಳಿಗಾಗಿ ರೋಗಿಗಳು ಮತ್ತು ಪಾಲಕರ ತಪಾಸಣೆ".

ನನಗೆ ಇದು ಹಿಡಿಸಿಲ್ಲ. ಇದನ್ನೇ ಕಾಗದದ ಮೇಲೆ ಬರೆದು ಎರಡು ದಿನ ಅಂಟಿಸಿದ್ದರು. ನಾನು ಪಕ್ಕದಲ್ಲೇ ಕೂತು ನೋಡಿದೆ. ವಯಸ್ಸಾದವರೊಬ್ಬರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. 'ತಪಾಸಣೆ' ಅನ್ನುವಲ್ಲಿಗೆ ಬಂದಿದ್ದೇ ತಡ, ಕೈಚೀಲದ ಜಿಪ್ ಎಳೆದು ಮೇಜಿನ ಮೇಲಿಟ್ಟರು. ಒಳಗೆ ಟವೆಲು, ಬಾಚಣಿಗೆ, ಎಕ್ಸ್‌ರೇ ಕವರು. "ನೋಡ್ಕೊಳ್ಳಿ, ಏನೂ ಇಲ್ಲ" ಅಂದರು. ಹಾಗನ್ನುವಾಗಲೂ ಕೆಮ್ಮುತ್ತಿದ್ದರು. ಅದಕ್ಕೂ ಮುಂಚೆ 'ಸ್ಕ್ರೀನಿಂಗ್' ಅಂತಲೇ ಇತ್ತು. ಆಗ ಜನ ಚೀಟಿ ಹಿಡಿದುಕೊಂಡು ಬಂದು "ಸ್ಕ್ಯಾನಿಂಗ್ ಇಲ್ಲೇ ಅಲ್ವಾ?" ಅನ್ನುತ್ತಿದ್ದರು.

ಒಳ್ಳೆಯ ಪದ ಯಾವುದು?

ಉತ್ತರ 1:

'ಪಾಲಕರು' ತಪ್ಪು. ಅವರು ಮಕ್ಕಳ ತಂದೆತಾಯಿ. "ರೋಗಿಗಳು ಮತ್ತು ಪಾಲಕರ" ಅನ್ನುವುದರಲ್ಲಿ ಷಷ್ಠಿ ಒಂದಕ್ಕಿದೆ, ಇನ್ನೊಂದಕ್ಕಿಲ್ಲ. "ಸೋಂಕುಗಳಿಗಾಗಿ ತಪಾಸಣೆ" ಅಂದರೆ ಸೋಂಕು ಬರಲಿ ಅಂತ ತಪಾಸಣೆ ಮಾಡಿದ ಹಾಗಿದೆ. ಈ 'ಗಾಗಿ' ಇಂಗ್ಲಿಷಿನ ನೆರಳು.

ಮುಖ್ಯ ಮಾತು ಬೇರೆ ಇದೆ. ಸೋಂಕು ಅಂದರೆ ತಾಗು, ಮುಟ್ಟು. ಹಳಗನ್ನಡದಿಂದಲೂ ಅದೇ ಅರ್ಥ. ಗಾಳಿಯಲ್ಲಿ ಹರಡುವ ಕಾಯಿಲೆಗೆ ಮುಟ್ಟುವ ಪದ ಹೇಗೆ ಹೊಂದುತ್ತದೆ? 'ಉಸಿರಂಟು' ಅನ್ನಿ. ಸ್ಕ್ರೀನಿಂಗ್‌ಗೆ 'ಜರಡಿ'. ಇಂಗ್ಲಿಷಿನ ಸ್ಕ್ರೀನ್‌ಗೂ ಜರಡಿ ಎಂಬ ಅರ್ಥ ಇದ್ದೇ ಇದೆ. 'ಉಸಿರಂಟಿನ ಜರಡಿ'. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಉತ್ತರ 2:

ಮೇಷ್ಟ್ರೇ, ವ್ಯಾಕರಣದ ಮಾತು ಒಪ್ಪಿದೆ. ಸೋಂಕಿನ ಮಾತು ಒಪ್ಪಲಾರೆ. ಅಂಟುವುದೂ ತಾಗಿಯೇ ಅಲ್ವಾ? ಹಾಗಿದ್ದ ಮೇಲೆ 'ಉಸಿರಂಟು' ತಂದು ಏನು ಗಳಿಸಿದಂತಾಯಿತು? ಇಂಗ್ಲಿಷಿನ ಕಂಟೇಜಿಯಸ್ ಕೂಡ ಲ್ಯಾಟಿನ್ನಿನ 'ಮುಟ್ಟು' ಎಂಬ ಧಾತುವಿನಿಂದಲೇ ಹುಟ್ಟಿದ್ದು. ಮಲೇರಿಯಾ ಅಂದರೆ ಇಟಲಿಯ ಮಾತಿನಲ್ಲಿ ಕೆಟ್ಟ ಗಾಳಿ. 1897ರಲ್ಲಿ ರೊನಾಲ್ಡ್ ರಾಸ್ ಅದರ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಹೆಸರನ್ನು ಯಾರೂ ಬದಲಾಯಿಸಲಿಲ್ಲ. ತಂಗಾಳಿ ಮೈಗೆ ಸೋಕಿತು ಅಂತ ನಾವೇ ಹೇಳುತ್ತೇವೆ. ತೆಲುಗಿನಲ್ಲೂ 'ಸೋಕು' ಇದೆ, ಇದೇ ಅರ್ಥಕ್ಕೆ. ಜನರ ಬಾಯಲ್ಲಿ ನಿಂತಿರುವ ಪದವನ್ನು ಸುಮ್ನೆ ಕೀಳಬೇಡಿ. ಒಂದೇ ಎಚ್ಚರಿಕೆ, 'ಗಾಳಿ ಸೋಂಕು' ಅಂತ ಬರೆಯಬೇಡಿ. ಗಾಳಿ ಸೋಕಿದೆ ಅಂದರೆ ದೆವ್ವ ಮೆಟ್ಟಿಕೊಂಡಿದೆ ಅಂತಲೂ ಅರ್ಥವಾಗುತ್ತದೆ.

ನಾನು ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು. ಜರಡಿ ಅಂದರೆ ನನಗೆ ಸಂಕಟವಾಗುತ್ತದೆ. ಜರಡಿ ಹಿಡಿದವರು ಏನನ್ನೋ ಉಳಿಸಿಕೊಂಡು ಏನನ್ನೋ ಚೆಲ್ಲುತ್ತಾರೆ. ಕೆಮ್ಮುತ್ತಾ ಬಂದವರನ್ನು ನಾವು ಚೆಲ್ಲುವುದಿಲ್ಲ. ಮಾಸ್ಕ್ ಕೊಟ್ಟು, ಬೇರೆ ಕಡೆ ಕೂರಿಸಿ, ಉಳಿದವರಿಗಿಂತ ಮೊದಲು ಡಾಕ್ಟರಿಗೆ ತೋರಿಸುತ್ತೇವೆ. ಮಗುವನ್ನು ಎತ್ತಿಕೊಂಡು ಬಂದ ತಾಯಿ ಆ ಫಲಕ ಓದಿ 'ನಮ್ಮನ್ನ ಹೊರಗೆ ಹಾಕ್ತಾರೆ' ಅಂದುಕೊಂಡರೆ ಏನೂ ಹೇಳದೆ ಒಳಗೆ ನಡೆದುಬಿಡುತ್ತಾಳೆ. ದಡಾರ ಬಂದ ಮಗು ಕೋಣೆಯಿಂದ ಎದ್ದು ಹೋದ ಮೇಲೂ 2 ಗಂಟೆವರೆಗೆ ಅಲ್ಲಿನ ಗಾಳಿಯಲ್ಲಿ ಆ ವೈರಸ್ ಇರಬಲ್ಲದು. ಪಕ್ಕದ ಹಾಸಿಗೆಯಲ್ಲಿ ಕೀಮೋ ತಗೊಳ್ಳುತ್ತಿರುವವರು ಮಲಗಿರುತ್ತಾರೆ. ಜನ ಬಾಯಿ ಬಿಟ್ಟು ಹೇಳುವಂತೆ ಮಾಡುವ ಮಾತು ಬೇಕು, ಬಚ್ಚಿಡುವಂತೆ ಮಾಡುವ ಮಾತಲ್ಲ.

'ಪರೀಕ್ಷೆ' ಅಂತಲೂ ಹಾಕಬೇಡಿ. ಪರೀಕ್ಷೆ ಅಂದರೆ ಕಫ ಕೊಡುವುದು, ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದು. ಅದು ಯಾರಿಗೆ ಬೇಕು ಅಂತ ತಿಳಿಯಲು ಮೊದಲೇ ಕೇಳಿ ನೋಡುವುದು ಸ್ಕ್ರೀನಿಂಗ್. ಎರಡಕ್ಕೂ ಒಂದೇ ಪದ ಇಟ್ಟರೆ, ಮೇಜು ದಾಟಿದವರು "ನಂಗೆ ಏನೂ ಇಲ್ಲ ಅಂದ್ರು" ಅಂತ ನಂಬುತ್ತಾರೆ. ಫ್ಲೂ ಬಂದವರು ಜ್ವರ ಶುರುವಾಗುವ ಹಿಂದಿನ ದಿನವೇ ಬೇರೆಯವರಿಗೆ ಅದನ್ನು ದಾಟಿಸಬಲ್ಲರು. ಅವರು ಮೇಜಿನ ಮುಂದೆ ಆರಾಮಾಗಿ ನಿಂತಿರುತ್ತಾರೆ.

'ಶ್ವಾಸಕೋಶ'ವೂ ತಪ್ಪು. ಮೂಗು, ಗಂಟಲು ಎಲ್ಲ ಬಿಟ್ಟುಹೋಯಿತು. 'ಉಸಿರಾಟದ ಸೋಂಕು' ಅನ್ನಿ.

ಉತ್ತರ 3:

ಸಾಂಕ್ರಾಮಿಕ ಸಂಸ್ಕೃತ. ತಪಾಸಣೆ ಮರಾಠಿ ಕಡೆಯಿಂದ ಬಂದದ್ದು. ಸ್ಕ್ರೀನಿಂಗ್ ಇಂಗ್ಲಿಷ್. ಒಂದು ಫಲಕದಲ್ಲಿ ಕನ್ನಡ ಎಲ್ಲಿದೆ? ನಮ್ಮಲ್ಲಿ ಸೋಸು, ಕೇರು, ತೂರು, ಜಾಲಿಸು, ಆರಿಸು ಅಂತ ಎಷ್ಟು ಪದಗಳಿವೆ! ಒಂದೊಂದಕ್ಕೂ ಬೇರೆ ಬೇರೆ ಕೈಚಳಕ. 'ಸೋಸುನೋಟ' ಅಂತ ಮಾಡಿ. ಮೊದಲ ವಾರ ವಿಚಿತ್ರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಸಾಲ ತಂದೇ ಬದುಕುವ ನುಡಿಗೆ ದುಡಿಯುವ ಶಕ್ತಿ ಹೋಗುತ್ತದೆ.

ಉತ್ತರ 4:

ಆ ಫಲಕ ಇರುವುದು ಆಸ್ಪತ್ರೆಯಲ್ಲಿ. ಹಾಸ್ಪಿಟಲ್ ಅನ್ನುವುದನ್ನು ನಾವು ಬಾಯಿಗೆ ಒಗ್ಗಿಸಿಕೊಂಡು ಆಸ್ಪತ್ರೆ ಮಾಡಿಕೊಂಡೆವು. ದವಾಖಾನೆ ಅನ್ನುವವರು ಅರಬ್ಬಿಯ ದವಾ, ಪಾರಸಿಯ ಖಾನೆ ಎರಡನ್ನೂ ಸೇರಿಸಿ ಹೇಳುತ್ತಾರೆ. ವಾರ್ಡು, ನರ್ಸು, ಜ್ವರ, ಔಷಧ ಎಲ್ಲ ಹೊರಗಿನವೇ. ಇವುಗಳಿಂದ ಕನ್ನಡ ಬಡವಾಗಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಪದ ರೂಢಿಯಾಗಲಿ ಅಂತ ಕಾಯಲು ಒಂದು ವಾರ ಎಲ್ಲಿದೆ? ಸೋಸುನೋಟ ಓದಿದವರು ಕಾಫಿ ಸೋಸುವುದನ್ನು ನೆನೆಸಿಕೊಂಡರೆ ಆಶ್ಚರ್ಯವಿಲ್ಲ.

ಉತ್ತರ 3ರವರಿಂದ ಮತ್ತೆ:

ಒಗ್ಗಿಸಿಕೊಳ್ಳುವುದು ಬೇರೆ, ಹಾಗೇ ಎತ್ತಿಕೊಳ್ಳುವುದು ಬೇರೆ. ಆಸ್ಪತ್ರೆ ಒಗ್ಗಿದ ಪದ. ಸ್ಕ್ರೀನಿಂಗ್ ಒಗ್ಗಿಲ್ಲ, ಅದಕ್ಕೇ ಸ್ಕ್ಯಾನಿಂಗ್ ಜೊತೆ ಕಲಸಿಹೋಗಿದೆ. ನನ್ನ ಮಾತಿಗೆ ಕೇಳಿದವರೇ ಸಾಕ್ಷಿ ಕೊಟ್ಟಿದ್ದಾರೆ. ಇನ್ನೊಂದು ನೋಡಿ. 'ಉಸಿರು' ಅಂದರೆ ಶ್ವಾಸ. 'ಉಸುರು' ಅಂದರೆ ಮಾತಾಡು ಅಂತಲೂ ಇದೆ. ಉಸಿರಾಡಿದರೂ ಮಾತಾಡಿದರೂ ಬಾಯಿಂದ ಹೊರಡುವ ಸಣ್ಣ ಹನಿಗಳಲ್ಲೇ ಈ ಕಾಯಿಲೆಗಳು ಹರಡುವುದು. ಇಂಥ ನುಡಿಯನ್ನು ಕೈಯಲ್ಲಿಟ್ಟುಕೊಂಡು ಸಾಂಕ್ರಾಮಿಕ ಅಂತ ಯಾಕೆ ಬರೆಯಬೇಕು? ಹರಡುವ ಅನ್ನಿ, ಸಾಕು.

ಉತ್ತರ 2ರವರಿಂದ ಮತ್ತೆ:

'ಹರಡುವ' ನನಗೂ ಇಷ್ಟವಾಯಿತು. ಮಗುವಿಗೂ ಗೊತ್ತಾಗುತ್ತದೆ.

ಕೇರ್‌ಗಿವರ್‌ಗೆ 'ಆರೈಕೆದಾರರು' ಅಂತ ಪುಸ್ತಕಗಳಲ್ಲಿ ಕಂಡಿದ್ದೇನೆ. ವಾರ್ಡಿನಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ನಾವು ಕೂಗುವುದು "ರೋಗಿಯ ಕಡೆಯವರು ಬನ್ನಿ" ಅಂತ. ಆದರೆ ಸಂಬಳಕ್ಕೆ ಬಂದು ನೋಡಿಕೊಳ್ಳುವವರು ತಾವು 'ಕಡೆಯವರು' ಅಂದುಕೊಳ್ಳುವುದಿಲ್ಲ. ರಾತ್ರಿಯೆಲ್ಲ ಹಾಸಿಗೆ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ಎಷ್ಟೋ ಸಲ ಅವರೇ. ಒಬ್ಬರನ್ನು ಕೇಳಿದ್ದೆ, "ಉಸಿರಾಟದ ಸೋಂಕು ಇದೆಯಾ?" ಅಂತ. ಇಲ್ಲ ಅಂದರು. "ಕೆಮ್ಮು ಎಷ್ಟು ದಿನದಿಂದ?" ಅಂದಾಗ "ಒಂದು ಮೂರು ವಾರ ಆಯ್ತು ನೋಡಿ" ಅಂದರು. ಎರಡು ವಾರ ದಾಟಿದ ಕೆಮ್ಮು ಅಂದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಆದ್ದರಿಂದ 'ಜೊತೆಗಿರುವವರು' ಅಂತ ಹಾಕಿ. ಮತ್ತೆ, ಕಾಯಿಲೆಯ ಹೆಸರು ಕೇಳಬೇಡಿ, ಕೆಮ್ಮು ಕೇಳಿ.

ಉತ್ತರ 1ರವರಿಂದ ಮತ್ತೆ:

ಜರಡಿ ಹಿಂತೆಗೆದುಕೊಳ್ಳುತ್ತೇನೆ. ತಾಯಿ ಮಗುವಿನ ಮಾತು ಯೋಚಿಸಿರಲಿಲ್ಲ. 'ವಿಚಾರಿಸು' ನೋಡಿ. ಆರೋಗ್ಯ ವಿಚಾರಿಸಿದರು ಅಂದರೆ ಎಷ್ಟು ಹಿತವಾಗಿದೆ! ನಾಮಪದ ಮಾತ್ರ ಬೇಡ. 'ವಿಚಾರಣೆ' ಅಂದ ಕೂಡಲೇ ಠಾಣೆ, ಕೋರ್ಟು ನೆನಪಾಗುತ್ತದೆ. ಫಲಕದಲ್ಲಿ 'ಇಲ್ಲಿ ವಿಚಾರಿಸಿ' ಅಂತಲೂ ಬರೆಯುವ ಹಾಗಿಲ್ಲ. ಆಗ ಕೇಳುವವರು ಯಾರು, ಹೇಳುವವರು ಯಾರು ಅನ್ನುವುದೇ ತಿರುಗಿಬಿಡುತ್ತದೆ. ಕ್ರಿಯಾಪದವಾಗಿಯೇ ಬಳಸಿ.

ಕೇಳಿದವರಿಂದ:

ಎಲ್ಲರಿಗೂ ಮನಸಾರೆ ಧನ್ಯವಾದ. ಒಂದು ಪದ ಕೇಳಲು ಬಂದಿದ್ದೆ. ಫಲಕಕ್ಕೆ ಬೇಕಿರುವುದು ಪದವಲ್ಲ, ವಾಕ್ಯ ಅಂತ ಈಗ ಗೊತ್ತಾಯಿತು. ಹೀಗೆ ಕೊಡುತ್ತಿದ್ದೇನೆ:

"ಕೆಮ್ಮು, ನೆಗಡಿ, ಜ್ವರ, ಮೈಮೇಲೆ ಗುಳ್ಳೆ ಇದೆಯೇ? ಒಳಗೆ ಹೋಗುವ ಮೊದಲು ಇಲ್ಲಿ ಹೇಳಿ. ರೋಗಿಗಳೂ ಹೇಳಿ, ಜೊತೆಗಿರುವವರೂ ಹೇಳಿ. ನಿಮ್ಮನ್ನು ಬೇಗ ನೋಡುತ್ತೇವೆ."

ಕೊನೆಯ ಸಾಲಿಗೆ ಆಸ್ಪತ್ರೆಯವರ ಒಪ್ಪಿಗೆ ಕೇಳಿದ್ದೆ, ಕೊಟ್ಟರು. ಕೊಟ್ಟ ಮೇಲೆ ಹಾಗೆ ನಡೆದುಕೊಳ್ಳಬೇಕಾಗುತ್ತದೆ ಅಂತಲೂ ಹೇಳಿದೆ.

ಫಾರಂನ ಕಾಲಂ ಹೆಸರಿಗೆ "ಹರಡುವ ಉಸಿರಾಟದ ಸೋಂಕಿನ ಬಗ್ಗೆ ವಿಚಾರಿಸಿದೆ: ಹೌದು / ಇಲ್ಲ" ಅಂತ ಬರೆದಿದ್ದೇನೆ. ಸಾಲು ಉದ್ದವಾಗಿ ಎರಡಾಗಿ ಮುರಿಯುತ್ತಿದೆ. ಇದಕ್ಕಿಂತ ಚಿಕ್ಕದು ಹೊಳೆದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

ಉತ್ತರ 3ರವರಿಂದ:

'ಹರಡುವ', 'ಬಗ್ಗೆ' ಎರಡೂ ತೆಗೆಯಿರಿ. "ಉಸಿರಾಟದ ಸೋಂಕು ವಿಚಾರಿಸಿದೆ". ಒಂದೇ ಸಾಲು.