ತೋಡು ಕಟ್ಟಿದೆ, ಹೊಳೆಯುವ ಹಾಳೆ ಯಾರ ಮನೆಯದ್ದು?

ಕೊನೇ ಮನೆ: ರಾತ್ರಿಯ ಮಳೆಗೆ ತೋಡಿನ ನೀರು ಮತ್ತೆ ನಮ್ಮ ಅಂಗಳಕ್ಕೆ ಬಂತು. ಮೋರಿಯ ಬಾಯಿಗೆ ಕೈಹಾಕಿ ತೆಗೆದರೆ ಬರೀ ಹೊಳೆಯುವ ಹಾಳೆ. ಸ್ವೀಟ್ ಬಾಕ್ಸಿನದ್ದು, ಹೂಗುಚ್ಛದ್ದು, ಗಿಫ್ಟ್ ಸುತ್ತಿದ್ದು.

ಬಾವಿಕಟ್ಟೆ ಮನೆ: ಅದು ಸೆಲೋಫೇನ್ ಅಲ್ವಾ ಅಕ್ಕಾ? ಮಣ್ಣಲ್ಲಿ ಕರಗುತ್ತದೆ ಅಂತ ಬದಿಯಡ್ಕ ಪೇಟೆಯ ಅಂಗಡಿಯಲ್ಲಿ ಹೇಳಿದರು. ನಾನು ತೆಂಗಿನ ಬುಡಕ್ಕೇ ಹಾಕುವುದು.

ಟೀಚರ್: ನಿಜವಾದ ಸೆಲೋಫೇನ್ ಆದರೆ ಕರಗುತ್ತದೆ. ಮರದ ತಿರುಳಿನ ಸೆಲ್ಯುಲೋಸ್, ಅಂದರೆ ನಾರಿನ ಅಂಶ ಅದು. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ ಕಲೆ ಹಿಡಿಯದ ಮೇಜಿನ ಬಟ್ಟೆ ಮಾಡಲು ಹೊರಟಿದ್ದರು. ಬಟ್ಟೆಗೆ ಬಳಿದ ವಿಸ್ಕೋಸ್ ಎಂಬ ಸೆಲ್ಯುಲೋಸ್ ದ್ರಾವಣ ಹಾಳೆಯಾಗಿ ಕಿತ್ತು ಬಂತು. ಬಟ್ಟೆಯ ಆಸೆ ಬಿಟ್ಟು ಹಾಳೆಯ ಹಿಂದೆ ಬಿದ್ದರು! ಆದರೆ ಪೇಟೆಯಲ್ಲಿ ಈಗ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಅಂದರೆ ಪ್ಲಾಸ್ಟಿಕ್. ಅದು ಅಗ್ಗ ನೋಡಿ.

ಬಾವಿಕಟ್ಟೆ ಮನೆ: ಅಯ್ಯೋ, ಗೊತ್ತಾಗುವುದು ಹೇಗೆ ಮಾರಾಯ್ರೇ?

ಟೀಚರ್: ಉಗುರಷ್ಟು ತುಂಡನ್ನು ಇಕ್ಕುಳದಲ್ಲಿ ಹಿಡಿದು ಹೊರಗೆ ಬೆಂಕಿ ತೋರಿಸಿ. ಸೆಲೋಫೇನ್ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪ್ಲಾಸ್ಟಿಕ್ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ನೀರಲ್ಲಿ ನೆನೆಸಿದರೂ ಆಯ್ತು, ಲೇಪ ಇಲ್ಲದ ಸೆಲೋಫೇನ್ ಮೆತ್ತಗಾಗುತ್ತದೆ.

ಗೇಟಿನ ಮನೆ: ಲೇಪ ಯಾಕೆ?

ಟೀಚರ್: ಬರೀ ಸೆಲೋಫೇನ್ ಪಸೆ ತಡೆಯುವುದಿಲ್ಲ, ಒಳಗಿನ ಬಿಸ್ಕತ್ತು ಮೆತ್ತಗಾಗುತ್ತದೆ. 1927ರಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯವರು ಅದಕ್ಕೆ ಲೇಪ ಕಂಡುಹಿಡಿದರು. ಲೇಪ ಇದ್ದದ್ದು ಕೊಳೆಯಲು ಜಾಸ್ತಿ ದಿನ ಬೇಕು. ಇನ್ನೊಂದು, ಸೆಲೋಫೇನ್ ತಯಾರಿಸಲು ಬಳಸುವ ಕಾರ್ಬನ್ ಡೈಸಲ್ಫೈಡ್ ಎಂಬ ರಾಸಾಯನಿಕ ಕೆಲಸದವರ ನರಕ್ಕೆ ಕೆಟ್ಟದ್ದು. ಹಾಗಾಗಿ ಸೆಲೋಫೇನನ್ನೂ ಬೇಕಾಬಿಟ್ಟಿ ಬಳಸಬೇಡಿ.

ಹೊಸ ಮನೆ: ಎಲ್ಲ ರಾಶಿ ಹಾಕಿ ಬೆಂಕಿ ಕೊಟ್ಟರೆ ಮುಗೀತಲ್ಲ?

ಕೊನೇ ಮನೆ: ಬೇಡ ತಮ್ಮಾ. ಹೊಗೆ ಬರುವುದೂ ನಮ್ಮ ಮನೆಗೇ.

ಗೇಟಿನ ಮನೆ: ಸ್ವೀಟ್ ಬಾಕ್ಸಿಗೆ, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ 2022 ಜುಲೈ 1ರಿಂದ ದೇಶದಲ್ಲೇ ನಿಷೇಧ. ಅಂಗಡಿಯವರಿಗೆ ಜಗಳ ಮಾಡದೆ ಹೇಳೋಣ. ನಾನೂ ಬರುತ್ತೇನೆ.

ಕೊನೇ ಮನೆ: ಹೇಳಿ. ಆದರೆ ಅಸಲಿ ಸೆಲೋಫೇನ್ ಆದರೂ ತೋಡಿಗೆ ಬೇಡ. ಅದು ಕರಗಲು ವಾರಗಟ್ಟಲೆ ಬೇಕು. ಮೋರಿ ಕಟ್ಟಲು ಒಂದು ಮಳೆ ಸಾಕು.

ಟೀಚರ್: ಸರಿ. ಬೆಂಕಿ ತೋರಿಸಿದಾಗ ಬೂದಿಯಾಗುವ ಜಾತಿಯ ಹಾಳೆಯನ್ನು ಚೂರು ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಮಣಿಯಾಗುವ ಜಾತಿಯದನ್ನು ತೊಳೆದು ಒಣಗಿಸಿ, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವರಿಗೆ ಕೊಡಿ. ಸಂಶಯ ಇದ್ದರೆ ಪ್ಲಾಸ್ಟಿಕ್ ಅಂತಲೇ ಇಟ್ಟುಕೊಳ್ಳಿ.

ಬಾವಿಕಟ್ಟೆ ಮನೆ: ಮುಂದಿನ ತಿಂಗಳು ನಮ್ಮಲ್ಲಿ ಮನೆ ಒಕ್ಕಲು. ಹೋಳಿಗೆ ಬಾಳೆಲೆಯಲ್ಲೇ ಕಟ್ಟಿಕೊಡುತ್ತೇವೆ. ಗಿಫ್ಟ್ ತರುವವರು ಸುಮ್ನೆ ಕೈಯಲ್ಲಿ ಹಿಡಿದು ಬನ್ನಿ, ಸುತ್ತುವುದು ಬೇಡ.

ಕೊನೇ ಮನೆ: ಆದಿತ್ಯವಾರ ಬೆಳಗ್ಗೆ 7ಕ್ಕೆ ಎಲ್ಲರೂ ಮೋರಿಯ ಹತ್ತಿರ ಬನ್ನಿ. ಹಾರೆ ನಮ್ಮಲ್ಲಿದೆ, ಬುಟ್ಟಿ ಬೇಕು. ಚಾ ನನ್ನ ಲೆಕ್ಕ.

ಹೊಸ ಮನೆ: ಎರಡು ಬುಟ್ಟಿ ತರುತ್ತೇನೆ ಅಕ್ಕಾ.