ಇಳಿದ ಮೇಲೂ ಎಂಜಿನ್ ಡೇಟಾ ಬರುತ್ತಿಲ್ಲ, ಬಾಕ್ಸ್ ಬದಲಿಸಬೇಕೇ?

ಕಲೀನಾ ಹ್ಯಾಂಗರ್: ಮುಂಬೈಯಲ್ಲಿ ನಿಲ್ಲುವ ಎರಡೆಂಜಿನ್ ಬಿಸಿನೆಸ್ ಜೆಟ್. ಇಳಿದ ಮೇಲೆ ಅದರಲ್ಲಿನ ರೆಕಾರ್ಡರ್ ಬಾಕ್ಸ್ ಎಂಜಿನ್ ಡೇಟಾವನ್ನು ಮೊಬೈಲ್ ನೆಟ್‌ವರ್ಕ್‌ನಲ್ಲಿ ತಾನಾಗಿ ಸರ್ವರ್‌ಗೆ ಕಳಿಸಬೇಕು. ನಾಲ್ಕು ಹಾರಾಟದಲ್ಲಿ ಒಂದರದ್ದೇ ಬಂದಿದೆ. ಅದರಲ್ಲೂ ಎಡ ಎಂಜಿನ್ ಐಟಿಟಿ (ಟರ್ಬೈನ್ ನಡುವಿನ ಬಿಸಿಗಾಳಿಯ ತಾಪಮಾನ) 12 ಡಿಗ್ರಿ ಜಾಸ್ತಿ.

ರನ್‌ವೇ 27: ಬಾಕ್ಸ್ ಮುಟ್ಟಬೇಡಿ ಸ್ವಾಮಿ. ಚಕ್ರ ನೆಲ ಮುಟ್ಟಿದ ಸಿಗ್ನಲ್ ಸಿಕ್ಕ ಮೇಲೆಯೇ ಅದು ಕಳಿಸಲು ಶುರುಮಾಡುವುದು. ನಿಂತ ಕೂಡಲೇ ಬ್ಯಾಟರಿ ಆಫ್ ಮಾಡಿದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ತಗಡಿನ ಹ್ಯಾಂಗರ್‌ನೊಳಗೆ ನೆಟ್‌ವರ್ಕೂ ಅಷ್ಟಕ್ಕಷ್ಟೆ. ಹೊರಗೆ ಜಿಪಿಯು (ನೆಲದಿಂದ ವಿಮಾನಕ್ಕೆ ಕರೆಂಟ್ ಕೊಡುವ ಯಂತ್ರ) ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ಆಮೇಲೆ ಆಂಟೆನಾ ಕನೆಕ್ಟರ್ ಬಿಚ್ಚಿ. ಇಲ್ಲಿಯ ಉಪ್ಪುಗಾಳಿಗೆ ಪಿನ್ ಸುತ್ತ ಹಸಿರು ಕಟ್ಟಿರುತ್ತದೆ. ಮೋಡೆಮ್ 3ಜಿಯದ್ದಾದರೆ ಜಿಯೊ ಸಿಮ್ ಹಾಕಿ ಪ್ರಯೋಜನವಿಲ್ಲ.

ಟ್ರೆಂಡ್ ಗೆರೆ: 12 ಡಿಗ್ರಿ, ಸರಿ, ಯಾವ ಎನ್1ಗೆ (ಮುಂದಿನ ಫ್ಯಾನ್ ವೇಗ)? ಅದೇ ಎನ್1ನಲ್ಲಿ ಎನ್2 (ಒಳಗಿನ ಕಂಪ್ರೆಸರ್ ವೇಗ), ಇಂಧನ ಹರಿವು ಕದಲದೆ ಐಟಿಟಿ ಮಾತ್ರ ಜಿಗಿದಿದ್ದರೆ ಥರ್ಮೋಕಪಲ್ ಹಾರ್ನೆಸ್ (ತಾಪ ಅಳೆಯುವ ಸೆನ್ಸರ್‌ಗಳ ತಂತಿಕಟ್ಟು) ಮೇಲೆ ಅನುಮಾನ. ಇಂಧನವೂ ಏರಿದ್ದರೆ ಬ್ಲೀಡ್ ಗಾಳಿ (ಕಂಪ್ರೆಸರ್‌ನಿಂದ ಬೇರೆ ಕೆಲಸಕ್ಕೆ ತೆಗೆಯುವ ಗಾಳಿ) ಸೋರಿಕೆ ಹುಡುಕಿ. ನಿಧಾನವಾಗಿ ಏರುತ್ತ ಬಂದಿದ್ದರೆ ಕಂಪ್ರೆಸರ್ ಕೊಳೆ; ತೊಳೆದು ಮತ್ತೆ ಹೋಲಿಸಿ. ಆದರೆ ಒಂದೇ ಚುಕ್ಕೆಯಿಂದ ಗೆರೆ ಎಳೆಯಲಾಗದು. ಉಳಿದ ಮೂರು ಫೈಲನ್ನು ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ.

ಕಲೀನಾ ಹ್ಯಾಂಗರ್: ಇಂಧನ ಕದಲಿಲ್ಲ. ಹಾರ್ನೆಸ್ ರೆಸಿಸ್ಟೆನ್ಸ್ ಅಳೆದು ಹಾಕುತ್ತೇನೆ.